ಬಳ್ಳಾರಿಗೆ ಬರೆದುಕೊಟ್ಟ ಚೀಟಿ: ಪಶ್ಚಿಮ ತಾಲ್ಲೂಕುಗಳೂ ಸುತ್ತಲಿನ ವೈದ್ಯಕೀಯ ಕಾಲೇಜುಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ಸೀಮೆಗಳನ್ನು ಬಳ್ಳಾರಿಯ ಕಚೇರಿಗಳಲ್ಲಿ ಬಹುಕಾಲ ‘ಪಶ್ಚಿಮ ತಾಲ್ಲೂಕುಗಳು’ ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತ ಬಂದರು. ಎಂ.ಬಿ.ಬಿ.ಎಸ್. ಕಲಿಸುವ ಕಾಲೇಜು ಇವುಗಳಲ್ಲಿ ಯಾವೊಂದರಲ್ಲಿಯೂ ಹುಟ್ಟಲಿಲ್ಲ. ಪೂರ್ವಕ್ಕೆ ಬಳ್ಳಾರಿ, ದಕ್ಷಿಣಕ್ಕೆ ದಾವಣಗೆರೆ, ಪಶ್ಚಿಮಕ್ಕೆ ಹುಬ್ಬಳ್ಳಿ, ಈಚೆಗೆ ಕೊಪ್ಪಳ ಮತ್ತು ಗದಗ, ಹೀಗೆ ಕಾಲೇಜುಗಳೆಲ್ಲ ಈ ಸೀಮೆಯ ಸುತ್ತ ಬೇಲಿಯಂತೆ ಎದ್ದು ನಿಂತವು; ಒಳಗಿನ ಹಳ್ಳಿಗಳಿಂದ ಅವುಗಳಿಗೆ ರೋಗಿಗಳು ಹೋದರು, ಅವುಗಳಿಂದ ಹಳ್ಳಿಗಳಿಗೆ ವಿದ್ಯಾರ್ಥಿಗಳೂ ಸಂಶೋಧಕರೂ ಬಂದರು. ತಾಲ್ಲೂಕು ಆಸ್ಪತ್ರೆಯ ವೈದ್ಯರು ತಮ್ಮ ಕೈಮೀರಿದ ರೋಗಿಯನ್ನು ಮೇಲಿನ ಆಸ್ಪತ್ರೆಗೆ ಕಳಿಸುವುದನ್ನು ಇಲ್ಲಿಯ ಜನ ‘ಬಳ್ಳಾರಿಗೆ ಬರೆದುಕೊಟ್ಟರು’ ಎನ್ನುತ್ತಾರೆ. ಆ ಬರೆದುಕೊಟ್ಟ ಚೀಟಿ ಯಾವ ಊರಿಗೆ ಹೋಗಬೇಕು, ಯಾವ ಲಸಿಕೆ ಯಾವ ಹಳ್ಳಿಗೆ ಬರಬೇಕು, ಯಾವ ಊರಿನ ಹುಡುಗಿಗೆ ವೈದ್ಯಕೀಯ ಸೀಟು ಸಿಗಬೇಕು ಎಂಬುದನ್ನು ರೋಗಕ್ಕಿಂತ ಹೆಚ್ಚಾಗಿ ಜಿಲ್ಲೆಯ ಗಡಿಗೆರೆ ನಿರ್ಣಯಿಸಿದ್ದು ಈ ಸೀಮೆಯ ವೈದ್ಯಕೀಯ ಚರಿತ್ರೆಯ ವಿಶೇಷ.

ಹೈದರಾಬಾದಿನ ನಿಜಾಮನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ನಾಡಿನ ಭಾಗವಾಗಿ ಈ ಪ್ರದೇಶವು ಮದ್ರಾಸ್ ಆಡಳಿತಕ್ಕೆ ಸೇರಿತು. ಥಾಮಸ್ ಮನ್ರೋ ಅದರ ಮೊದಲ ಪ್ರಧಾನ ಕಲೆಕ್ಟರನಾದನು. ಮಳೆಯನ್ನೇ ನಂಬಿದ ಎರೆ ಮತ್ತು ಕೆಂಪು ನೆಲದ ಈ ನಾಡು ಆಧುನಿಕ ವೈದ್ಯಶಾಸ್ತ್ರದ ಕಣ್ಣಿಗೆ ದೊಡ್ಡದಾಗಿ ಬಿದ್ದದ್ದು 1876ರಿಂದ 1878ರವರೆಗೆ ನಡೆದ ಧಾತು ಸಂವತ್ಸರದ ಬರದಲ್ಲಿ. ಬಳ್ಳಾರಿ ಜಿಲ್ಲೆ ಆ ಬರದಲ್ಲಿ ತನ್ನ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಿತು. ಬರಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ಒಂದಾಣೆ ಸಾಕೆಂದು 1877ರ ಆರಂಭದಲ್ಲಿ ಭಾರತ ಸರ್ಕಾರದ ಬರ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ಗೊತ್ತುಪಡಿಸಿದಾಗ, ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ವೈದ್ಯ ಡಬ್ಲ್ಯು. ಆರ್. ಕಾರ್ನಿಶ್ ಅದನ್ನು ಬಲವಾಗಿ ವಿರೋಧಿಸಿದನು. ಮದ್ರಾಸಿನ ಜೈಲುಗಳ ಊಟದ ಅಳತೆಯನ್ನು ಮೊದಲೇ ಅಧ್ಯಯನ ಮಾಡಿದ್ದ ಆತನ ವಾದ ಸರಳವಾಗಿತ್ತು: ಬೇಳೆಯಿಲ್ಲದ, ಕಾಯಿಪಲ್ಯವಿಲ್ಲದ ಇಷ್ಟು ಕಾಳಿನಲ್ಲಿ ಸುಮ್ಮನೆ ಕೂತವನ ದೇಹವೂ ನಿಲ್ಲದಿರುವಾಗ ದುಡಿಯುವವನ ದೇಹ ನಿಲ್ಲುವುದು ಸಾಧ್ಯವಿಲ್ಲ. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿಯನ್ನು ಏರಿಸಬೇಕಾಯಿತು. ಮನುಷ್ಯನಿಗೆ ಬದುಕಲು ಎಷ್ಟು ಆಹಾರ ಬೇಕು ಎಂಬ ಪ್ರಶ್ನೆ ಪ್ರಯೋಗಶಾಲೆಗೆ ಹೋಗುವ ಮುನ್ನ ಇಂಥ ಕಾಮಗಾರಿಗಳ ಮೇಲೆ, ಹೆಸರು ದಾಖಲಾಗದ ಸಾವಿರಾರು ಆಳುಗಳ ಮೈಮೇಲೆ ಪರೀಕ್ಷೆಗೆ ಒಳಗಾಯಿತೆಂಬುದನ್ನು ಮರೆಯಲಾಗದು. ವೈದ್ಯಕೀಯ ಸಂಶೋಧನೆಯೆಂಬ ಮಾತಿಗೆ ಈ ಸೀಮೆಯಲ್ಲಿ ಸಿಕ್ಕ ಮೊದಲ ಅರ್ಥ ಅಷ್ಟು ಕಠೋರವಾದದ್ದು.

ಬರದ ನಂತರದ ದಶಕಗಳಲ್ಲಿ ಸ್ಥಳೀಯ ಮಂಡಳಿಗಳ ಹಣದಿಂದ ಅಲ್ಲಲ್ಲಿ ಚಿಕ್ಕ ಔಷಧಾಲಯಗಳು ತಲೆಯೆತ್ತಿದವು. ಅವುಗಳಿಗೆ ಬೇಕಾದ ವೈದ್ಯರು ಮಾತ್ರ ದೂರದ ಮದ್ರಾಸಿನಲ್ಲಿ ತಯಾರಾಗಬೇಕಿತ್ತು, ಏಕೆಂದರೆ ಅಲ್ಲಿಯ ವೈದ್ಯಕೀಯ ಶಾಲೆ 1835ರಷ್ಟು ಹಿಂದೆಯೇ ಆರಂಭವಾಗಿದ್ದರೂ ಬಳ್ಳಾರಿಯ ಕಡೆ ಅಂಥ ಸಂಸ್ಥೆಯೇ ಇರಲಿಲ್ಲ. ನೆರೆಯ ಮೈಸೂರು ಸಂಸ್ಥಾನದಲ್ಲಿ ವೈದ್ಯಕೀಯ ಕಾಲೇಜು 1924ರಲ್ಲಿ ಆರಂಭವಾದಾಗಲೂ ಅದು ಗಡಿಯಾಚೆಯ ಮಾತಾಗಿತ್ತು. ಪೂರ್ಣ ಪದವಿ ಪಡೆದವರು ಪಟ್ಟಣ ಬಿಟ್ಟು ಬರದಿದ್ದುದರಿಂದ, ಕಡಿಮೆ ಅವಧಿಯ ಶಿಕ್ಷಣ ಮುಗಿಸಿ ಪರವಾನಗಿ ಪಡೆದ ಎಲ್.ಎಂ.ಪಿ. ವೈದ್ಯರೇ ಹಳ್ಳಿಗಾಡಿನ ಡಾಕ್ಟರರಾದರು. ವೈದ್ಯನಿಗೆ ಸರ್ಕಾರ ಸಣ್ಣ ಸಹಾಯಧನ ಕೊಟ್ಟು ಹಳ್ಳಿಯಲ್ಲಿ ನೆಲೆಸುವಂತೆ ಮಾಡುವ ಯೋಜನೆಯನ್ನು ಮದ್ರಾಸ್ ಸರ್ಕಾರ 1924ರಲ್ಲಿ ಆರಂಭಿಸಿತು. ಹಳ್ಳಿಗೆ ಹೋಗಲು ವೈದ್ಯನಿಗೆ ಆಸೆ ತೋರಿಸಬೇಕಾದ ಈ ಪಾಡು ನೂರು ವರ್ಷ ಕಳೆದರೂ ಹೆಚ್ಚು ಬದಲಾಗಿಲ್ಲ.

ಅದೇ ಮದ್ರಾಸ್ ಆಡಳಿತದ ಕಾಲದಲ್ಲಿ, ಮುಂದೆ ಈ ತಾಲ್ಲೂಕುಗಳಿಗೆ ತೀರ ಹತ್ತಿರದ್ದಾಗಲಿದ್ದ ಫ್ಲೋರೋಸಿಸ್ ಎಂಬ ಕಾಯಿಲೆ ಬೆಳಕಿಗೆ ಬಂತು. ಮದ್ರಾಸಿನ ಗಿಂಡಿಯಲ್ಲಿದ್ದ ಕಿಂಗ್ ಇನ್‌ಸ್ಟಿಟ್ಯೂಟಿನ ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ ಎಂಬ ಮೂವರು 1937ರಲ್ಲಿ, ನೆಲ್ಲೂರು ಜಿಲ್ಲೆಯ ಹಳ್ಳಿಗರ ಹಲ್ಲು ಕಂದಾಗಿ ಬೆನ್ನು ಸೆಟೆದುಕೊಳ್ಳುವುದಕ್ಕೆ ಬಾವಿಯ ನೀರಿನ ಫ್ಲೋರೈಡ್ ಕಾರಣವೆಂದು ತೋರಿಸಿದರು. ನೆಲ್ಲೂರೂ ಬಳ್ಳಾರಿಯೂ ಆಗ ಒಂದೇ ಪ್ರಾಂತ್ಯದಲ್ಲಿದ್ದವು.

ಆಂಧ್ರ ರಾಜ್ಯ ರಚನೆಯಾದ 1953ರ ಅಕ್ಟೋಬರ್ 1ರಂದು, ಆದವಾನಿ, ಆಲೂರು ಮತ್ತು ರಾಯದುರ್ಗ ತಾಲ್ಲೂಕುಗಳನ್ನು ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಬಳ್ಳಾರಿ ಪಟ್ಟಣ ಯಾರಿಗೆ ಸೇರಬೇಕೆಂಬ ಬಗ್ಗೆ ಕಾವೇರಿದ ವಾದ ನಡೆದಾಗಲೂ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಲ್ಲೂಕುಗಳ ಕನ್ನಡತನದ ಬಗ್ಗೆ ತಕರಾರು ಇರಲಿಲ್ಲ. ಅದೇ ಹೊತ್ತಿಗೆ ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ನದಿದಂಡೆಯ ಅನೇಕ ಹಳ್ಳಿಗಳನ್ನು ನುಂಗಿತು. ಮುಳುಗಡೆಯ ಜನ ಎತ್ತರದ ನೆಲಕ್ಕೆ ಸರಿದಂತೆಲ್ಲ ಹಗರಿಬೊಮ್ಮನಹಳ್ಳಿ ದೊಡ್ಡ ಊರಾಗಿ ಬೆಳೆಯಿತು. ನೀರಿನ ಮುಖ್ಯ ಕಾಲುವೆಗಳು ಪೂರ್ವದ ಸಿರುಗುಪ್ಪ, ಬಳ್ಳಾರಿಗಳತ್ತ ಹರಿದವು. ಹೊಲ ಮುಳುಗಿಸಿಕೊಂಡ ಪಶ್ಚಿಮದ ಪಾಲಿಗೆ ಬಹುಮಟ್ಟಿಗೆ ಉಳಿದದ್ದು ಮಳೆಯ ಬೇಸಾಯ ಮತ್ತು, ಕೆಲವು ವರ್ಷಗಳ ತರುವಾಯ, ಕೊಳವೆಬಾವಿ.

ಮೈಸೂರು ರಾಜ್ಯ ಬಳ್ಳಾರಿಯಲ್ಲಿ 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿತು. ಹುಬ್ಬಳ್ಳಿಯ ಕಾಲೇಜು ಅದಕ್ಕೂ ನಾಲ್ಕು ವರ್ಷ ಮೊದಲು, 1957ರಲ್ಲಿ, ಆರಂಭವಾಗಿತ್ತು. ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಅಲ್ಲೀಪುರ ಜೈಲಿನ ಆವರಣ ಬಳ್ಳಾರಿಯ ಕಾಲೇಜಿಗೆ ನೆಲೆಯಾಯಿತು. ಸೆರೆಮನೆಗೆಂದು ಬಳಸಿದ ಜಾಗದಲ್ಲಿ ಶರೀರರಚನಾಶಾಸ್ತ್ರದ ಪಾಠ ನಡೆಯತೊಡಗಿದ್ದು ಸೊಗಸಾದ ವಿಪರ್ಯಾಸ. ಅದರ ಜೊತೆಗೆ ಹಣವಿಲ್ಲದ ರಾಜ್ಯ ಹೊಸ ಕಟ್ಟಡ ಕಟ್ಟುವ ಬದಲು ಇದ್ದ ಗೋಡೆಗಳನ್ನೇ ಬಳಸಿಕೊಂಡ ಜಾಣತನವೂ ಅದರಲ್ಲಿ ಕಾಣುತ್ತದೆ. ಕಾಲೇಜು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಹುಟ್ಟಿದ ಬಳಿಕ ಅದಕ್ಕೆ, 1996ರಲ್ಲಿ ರಾಜ್ಯದ ವೈದ್ಯಕೀಯ ಶಿಕ್ಷಣವೆಲ್ಲ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಗೆ ಬಂದಾಗ ಅದಕ್ಕೆ ಸೇರಿತು. 1990ರ ದಶಕದಲ್ಲಿ ಸ್ವಾಯತ್ತ ಸಂಸ್ಥೆಯಾಗಿ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಎಂಬ ಹೆಸರು ಪಡೆಯಿತು. ಜನರ ಬಾಯಲ್ಲಿ ಅದು ‘ವಿಮ್ಸ್’. ಕೂಡ್ಲಿಗಿಯ ಗುಡ್ಡಗಾಡಿನ ಹೊಲಗಳಲ್ಲಿ ಕರಡಿ ಎರಗಿ ಮುಖ ಹರಿದುಕೊಂಡ ರೈತ, ಕ್ರಿಮಿನಾಶಕ ಕುಡಿದವರು, ಹೆರಿಗೆಯಲ್ಲಿ ರಕ್ತ ನಿಲ್ಲದ ಬಾಣಂತಿ, ಇಂಥವರೆಲ್ಲ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ ಪಡೆದು ಸೇರುತ್ತಿದ್ದುದು ಅಲ್ಲಿಗೇ. ಹೌಸ್ ಸರ್ಜನ್ನರು, ಅಂದರೆ ಪದವಿಯ ಕೊನೆಯ ವರ್ಷದಲ್ಲಿ ವಾರ್ಡುಗಳಲ್ಲಿ ದುಡಿಯುವ ಕಿರಿಯ ವೈದ್ಯರು, ಗಾಯ ಹೊಲಿಯುವುದನ್ನು ಕಲಿತದ್ದು ಈ ಮೈಗಳ ಮೇಲೆ.

ಹರಪನಹಳ್ಳಿಯ ಕಥೆ ಬೇರೆ. ಅಲ್ಲಿಂದ ಬಳ್ಳಾರಿ ನೂರು ಕಿಲೋಮೀಟರಿಗೂ ಮೀರಿದ ದಾರಿ, ದಾವಣಗೆರೆಯಾದರೋ ಅದರ ಅರ್ಧವೂ ಇಲ್ಲ. ಬ್ರಿಟಿಷರ ಕಾಲದಲ್ಲಿ ಹೊಸಪೇಟೆಯಿಂದ ಹೊರಟ ರೈಲುಹಳಿ ಕೊಟ್ಟೂರಿಗೆ ಬಂದು ನಿಂತಿತ್ತು. ಅದು ಹರಪನಹಳ್ಳಿ ದಾಟಿ ಹರಿಹರ ಮುಟ್ಟಲು ಸುಮಾರು ಒಂದು ಶತಮಾನ ಹಿಡಿಯಿತು. ರೈಲು ಬರುವವರೆಗೆ ಕಾಯದ ಜನ ಬಸ್ಸು ಹತ್ತಿ ದಾವಣಗೆರೆಯ ದಾರಿ ಹಿಡಿದಿದ್ದರು. ಹತ್ತಿಯ ವ್ಯಾಪಾರ ಮತ್ತು ಗಿರಣಿಗಳಿಂದ ಬೆಳೆದ ಆ ಊರಿನಲ್ಲಿ ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಸ್ಥಾಪನೆಯಾಗಿ, 1965ರಲ್ಲಿ ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳ ನೆನಪಿಗೆ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜನ್ನು ತೆರೆಯಿತು. ವೈದ್ಯಕೀಯ ಕಾಲೇಜಿಗೆ ಹಾಸಿಗೆಗಳಿರುವ ಆಸ್ಪತ್ರೆ ಇರಲೇಬೇಕು. ಹೊಸ ಖಾಸಗಿ ಸಂಸ್ಥೆಗೆ ಅಷ್ಟು ದೊಡ್ಡ ಆಸ್ಪತ್ರೆಯನ್ನು ಒಮ್ಮೆಗೇ ಕಟ್ಟುವ ಶಕ್ತಿ ಇರುವುದಿಲ್ಲ. ಇದಕ್ಕೆ ಕಂಡುಕೊಂಡ ದಾರಿಯೇ ಕರ್ನಾಟಕದ ವೈದ್ಯಕೀಯ ಶಿಕ್ಷಣದಲ್ಲಿ ಗಮನಿಸಬೇಕಾದ ಒಪ್ಪಂದ: ಕಾಲೇಜು ಖಾಸಗಿಯವರದು, ಪಾಠ ನಡೆಯುವ ಹಾಸಿಗೆ ಸರ್ಕಾರದ್ದು. ಕಾಲೇಜಿನ ಪ್ರಾಧ್ಯಾಪಕರು ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳನ್ನು ನೋಡಿದರು, ವಿದ್ಯಾರ್ಥಿಗಳು ಅವರ ಹಿಂದೆ ನಿಂತು ಕಲಿತರು. ಸರ್ಕಾರಕ್ಕೆ ಸಂಬಳ ಕೊಡದೆ ತಜ್ಞರು ಸಿಕ್ಕರು, ಕಾಲೇಜಿಗೆ ಆಸ್ಪತ್ರೆ ಕಟ್ಟದೆ ರೋಗಿಗಳು ಸಿಕ್ಕರು. ಬಡ ರೋಗಿಗೆ ಏನು ಸಿಕ್ಕಿತು ಎಂಬುದಕ್ಕೆ ಒಂದೇ ಉತ್ತರವಿಲ್ಲ. ತಜ್ಞರ ಕೈ ಸಿಕ್ಕಿತೆಂಬುದು ನಿಜ, ಸಾವಿರಾರು ರೂಪಾಯಿ ಶುಲ್ಕ ತೆತ್ತವರ ಕಲಿಕೆಗೆ ಉಚಿತ ವಾರ್ಡಿನ ಮೈ ಒದಗಿತೆಂಬುದೂ ನಿಜ. ಆ ಸರ್ಕಾರಿ ಆಸ್ಪತ್ರೆಯ ಹೆಸರು ಚಿಗಟೇರಿ ಜನರಲ್ ಆಸ್ಪತ್ರೆ, ಬಳಕೆಯಲ್ಲಿ ‘ಸಿ.ಜಿ. ಆಸ್ಪತ್ರೆ’. ಚಿಗಟೇರಿ ಎಂಬುದು ಹರಪನಹಳ್ಳಿ ತಾಲ್ಲೂಕಿನ ಊರು.

ಪಾಠ ಆಸ್ಪತ್ರೆಯ ಗೋಡೆಯೊಳಗೇ ನಡೆದರೆ ಹಳ್ಳಿಯ ರೋಗ ಅರ್ಥವಾಗದೆಂಬ ಮಾತು 1946ರ ಭೋರ್ ಸಮಿತಿಯ ವರದಿಯಿಂದಲೂ ಕೇಳಿಬರುತ್ತಿತ್ತು. ಇದಕ್ಕಾಗಿಯೇ ಎಲ್ಲ ಕಾಲೇಜುಗಳಲ್ಲಿ ಸಮುದಾಯ ವೈದ್ಯಶಾಸ್ತ್ರ, ಅಂದರೆ ಒಬ್ಬ ರೋಗಿಯನ್ನು ಬಿಟ್ಟು ಇಡೀ ಊರನ್ನು ರೋಗಿಯೆಂದು ನೋಡುವ ವಿಭಾಗ, ಕಡ್ಡಾಯವಾಯಿತು. ವೈದ್ಯಕೀಯ ಶಿಕ್ಷಣವನ್ನು ಹಳ್ಳಿಯತ್ತ ತಿರುಗಿಸಲು 1977ರಲ್ಲಿ ಬಂದ ‘ರೋಮ್’ ಯೋಜನೆ ಪ್ರತಿ ಕಾಲೇಜೂ ಮೂರು ಅಭಿವೃದ್ಧಿ ಬ್ಲಾಕುಗಳನ್ನು ದತ್ತು ತೆಗೆದುಕೊಳ್ಳಬೇಕೆಂದು ಹೇಳಿತು. ಅದಕ್ಕೆಂದು ಕಾಲೇಜುಗಳಿಗೆ ಸಂಚಾರಿ ಆಸ್ಪತ್ರೆಯ ದೊಡ್ಡ ಬಸ್ಸುಗಳನ್ನೂ ಹಂಚಲಾಯಿತು. ಬಂಡಿಜಾಡಿನ ರಸ್ತೆಗೆ ಹೇಳಿ ಮಾಡಿಸಿದ್ದಲ್ಲದ ಆ ವಾಹನಗಳು ದೇಶದ ಅನೇಕ ಕಡೆ ಕಾಲೇಜಿನ ಶೆಡ್ಡಿನಲ್ಲೇ ಮುಪ್ಪಾದವು. ಯೋಜನೆ ಮಾಡಿದವರು ಹಳ್ಳಿಯ ರೋಗಗಳ ಬಗ್ಗೆ ಯೋಚಿಸಿದ್ದರು, ರಸ್ತೆಯ ಬಗ್ಗೆ ಯೋಚಿಸಿರಲಿಲ್ಲ.

ಹಳ್ಳಿಯಲ್ಲಿಯೇ ನೋಡಬೇಕಾದ ರೋಗಕ್ಕೆ ಈ ಸೀಮೆಯಲ್ಲಿ ಫ್ಲೋರೋಸಿಸ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಗ್ರಾನೈಟ್ ಮತ್ತು ನೈಸ್ ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನೊಳಕ್ಕೆ ಫ್ಲೋರೈಡ್ ಕರಗಿ ಸೇರುತ್ತದೆ. ತೆರೆದ ಬಾವಿ ಬತ್ತಿ ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಅಂಥ ನೀರು ಸಿಗುವ ಸಂಭವ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಇದನ್ನು ಪತ್ತೆಹಚ್ಚಲು ಹಳ್ಳಿಗೆ ಬಂದ ವಿದ್ಯಾರ್ಥಿ ಮಾಡುವ ಪರೀಕ್ಷೆಗೆ ಯಂತ್ರವೇ ಬೇಡ. ಶಾಲೆಯ ಅಂಗಳದಲ್ಲಿ ಮಕ್ಕಳ ತುಟಿ ಸರಿಸಿ ಮೇಲಿನ ಬಾಚಿಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಮಚ್ಚೆ ಅಥವಾ ಅಡ್ಡಲಾಗಿ ಎಳೆದ ಕಂದು ಗೆರೆ ಇದೆಯೇ ಎಂದು ನೋಡುತ್ತಾನೆ. ದೊಡ್ಡವರಿಗೆ ಮೂರು ಕೆಲಸ ಹೇಳುತ್ತಾನೆ: ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ಹಿಂದಕ್ಕೆ ಒಯ್ದು ತಲೆಯ ಹಿಂಭಾಗ ಹಿಡಿಯುವುದು. ಬೆನ್ನು, ಕತ್ತು, ಭುಜಗಳ ಕೀಲು ಬಿಗಿದುಕೊಂಡವರು ಈ ಮೂರರಲ್ಲಿ ಒಂದರಲ್ಲಾದರೂ ನಿಂತುಬಿಡುತ್ತಾರೆ. ರೋಗ ಒಮ್ಮೆ ಮೂಳೆಗೆ ಇಳಿದರೆ ಔಷಧವಿಲ್ಲ, ಇರುವ ಚಿಕಿತ್ಸೆ ನೀರು ಬದಲಿಸುವುದೊಂದೇ. ಹೀಗಾಗಿ ವೈದ್ಯಕೀಯ ಕಾಲೇಜಿನ ಸಮೀಕ್ಷೆಯ ಕೊನೆಯ ಪುಟ ಸಹಜವಾಗಿ ನೀರು ಸರಬರಾಜು ಇಂಜಿನಿಯರರ ಮೇಜಿನ ಮೇಲೆ ಬೀಳುತ್ತದೆ. ಕೇಂದ್ರ ಸರ್ಕಾರ ಫ್ಲೋರೋಸಿಸ್ ತಡೆಗೆಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ್ದು 2008-09ರಲ್ಲಿ. ತುಂಗಭದ್ರೆಯ ಹಿನ್ನೀರನ್ನು ಕೂಡ್ಲಿಗಿಯ ಜೊತೆಗೆ ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡಗಳಿಗೆ ಕುಡಿಯಲು ಒಯ್ಯುವ ದೊಡ್ಡ ಯೋಜನೆ ರೂಪುಗೊಂಡದ್ದು ಅದಕ್ಕೂ ತಡವಾಗಿ.

ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದ 1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ಅದಕ್ಕೆ ಸೇರಿಸಲಾಯಿತು. ರೋಗಿಗಳು ಮೊದಲೇ ಹಿಡಿದಿದ್ದ ದಾರಿಗೆ ಸರ್ಕಾರ ಮುದ್ರೆ ಒತ್ತಿದಂತಾಯಿತು. ಆ ದೃಷ್ಟಿಯಿಂದ ನಿರ್ಧಾರ ತಪ್ಪಲ್ಲ. ಆದರೆ ಸಾರ್ವಜನಿಕ ಆರೋಗ್ಯದ ಯೋಜನೆಗಳು ಜಿಲ್ಲೆಯನ್ನು ಲೆಕ್ಕ ಹಿಡಿದು ನಡೆಯುತ್ತವೆ. ಭತ್ತದ ಗದ್ದೆಯ ನೀರಿನಲ್ಲಿ ಹುಟ್ಟುವ ಸೊಳ್ಳೆಗಳು ಹಂದಿ ಮತ್ತು ನೀರುಹಕ್ಕಿಗಳಿಂದ ಮಕ್ಕಳಿಗೆ ದಾಟಿಸುವ ಮಿದುಳುಜ್ವರಕ್ಕೆ, ಅಂದರೆ ಜಪಾನೀಸ್ ಎನ್ಸೆಫಲೈಟಿಸ್‌ಗೆ, ಭಾರತ 2006ರಲ್ಲಿ ಮೊದಲ ಬಾರಿ ದೊಡ್ಡ ಲಸಿಕಾ ಅಭಿಯಾನ ನಡೆಸಿದಾಗ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆ ಬಳ್ಳಾರಿ. ಕೂಡ್ಲಿಗಿ, ಹಡಗಲಿಗಳ ಮಕ್ಕಳು ಆ ಪಟ್ಟಿಯೊಳಗೆ ಬಂದರು. ಹೊಲದ ಬದುವಿಗೆ ಬದು ತಾಗಿದ್ದ ಹರಪನಹಳ್ಳಿಯ ಮಕ್ಕಳು ಬರಲಿಲ್ಲ.

ಇದೇ ಕಾಲದಲ್ಲಿ ದೂರದ ಇನ್ನೊಂದು ವೈದ್ಯಕೀಯ ವಿಭಾಗ ಈ ನೆಲಕ್ಕೆ ಬಂತು. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕರು ಎಚ್.ಐ.ವಿ. ತಡೆಯ ಕೆಲಸಕ್ಕೆಂದು ಉತ್ತರ ಕರ್ನಾಟಕದಲ್ಲಿ ನೆಲೆಯೂರಿ, ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆಯ ಜೊತೆಗೂಡಿ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟನ್ನು ಸ್ಥಾಪಿಸಿದರು. ಸ್ಟೀಫನ್ ಮೋಸೆಸ್ ಮತ್ತು ಜೇಮ್ಸ್ ಬ್ಲಾಂಚರ್ಡ್ ಈ ತಂಡದ ಪ್ರಮುಖರು. ಗೇಟ್ಸ್ ಪ್ರತಿಷ್ಠಾನದ ಹಣದಿಂದ ನಡೆದ ‘ಆವಾಹನ’ ಕಾರ್ಯಕ್ರಮದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರ ನಡುವೆ ಸಮೀಕ್ಷೆ ಮತ್ತು ರಕ್ತಪರೀಕ್ಷೆ ನಡೆದ ಜಿಲ್ಲೆಗಳಲ್ಲಿ ಬೆಳಗಾವಿ, ಮೈಸೂರು, ಶಿವಮೊಗ್ಗ, ಬೆಂಗಳೂರುಗಳ ಜೊತೆ ಬಳ್ಳಾರಿಯೂ ಸೇರಿತ್ತು. ದೇವದಾಸಿ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿದ್ದರೂ ಅದರ ಬೇರುಗಳು ಕೂಡ್ಲಿಗಿ ಹರಪನಹಳ್ಳಿಗಳ ಸುತ್ತ ಉಳಿದಿದ್ದ ದಿನಗಳವು. ಈ ಕೆಲಸದಲ್ಲಿ ಸಂಶೋಧಕರಿಗಿಂತ ಹೆಚ್ಚು ಭಾರ ಹೊತ್ತವರು, ತಮ್ಮ ಓಣಿಯ ಗೆಳತಿಯರನ್ನು ತಾವೇ ಹುಡುಕಿ ಕ್ಲಿನಿಕ್ಕಿಗೆ ಕರೆತಂದ ಸಮುದಾಯದ ಹೆಂಗಸರು. ವಿಜ್ಞಾನ ಪತ್ರಿಕೆಗಳ ಲೇಖಕರ ಪಟ್ಟಿಯಲ್ಲಿ ಅಂಥವರಿಗೆ ಜಾಗ ಸಿಗುವುದು ಅಪರೂಪ.

ಅದೇ ಟ್ರಸ್ಟು ಮತ್ತು ವಿಶ್ವವಿದ್ಯಾಲಯ 2009ರಿಂದ ತಾಯಿ ಮಕ್ಕಳ ಆರೋಗ್ಯಕ್ಕಾಗಿ ಎಂಟು ಉತ್ತರದ ಜಿಲ್ಲೆಗಳಲ್ಲಿ ‘ಸುಕ್ಷೇಮ’ ಎಂಬ ಯೋಜನೆಯನ್ನು ನಡೆಸಿದವು. ಹಳ್ಳಿಯ ಹೆಂಗಸರು ಸೂಲಗಿತ್ತಿಯನ್ನು ಬಿಟ್ಟು ಹೆರಿಗೆಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರತೊಡಗಿದ್ದರು, 2008ರಿಂದ 108ರ ಆಂಬುಲೆನ್ಸೂ ಓಡತೊಡಗಿತ್ತು; ಬಂದವರನ್ನು ರಾತ್ರಿಯ ಹೊತ್ತು ಎದುರುಗೊಳ್ಳುತ್ತಿದ್ದವಳು ಹೆಚ್ಚಾಗಿ ಒಬ್ಬಳೇ ಸ್ಟಾಫ್ ನರ್ಸ್. ಅವಳ ಕೈ ಪಳಗಿಸಿದರೆ ಹೆರಿಗೆಯ ಗುಣಮಟ್ಟ ಏರುವುದೇ ಎಂದು ಅಳೆಯಲು ಬಳ್ಳಾರಿ ಮತ್ತು ಗುಲ್ಬರ್ಗ ಜಿಲ್ಲೆಗಳ 108 ಕೇಂದ್ರಗಳನ್ನು ಚೀಟಿ ಎತ್ತಿದಂತೆ ಎರಡು ಸಮ ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿನ 54 ಕೇಂದ್ರಗಳಿಗೆ ಅನುಭವಿ ನರ್ಸುಗಳು ಮಾರ್ಗದರ್ಶಕಿಯರಾಗಿ ಮತ್ತೆ ಮತ್ತೆ ಹೋಗಿ, ಜೊತೆಯಲ್ಲೇ ನಿಂತು ಕಲಿಸಿದರು. ಇನ್ನೊಂದು ಗುಂಪಿಗೆ ಆ ಭೇಟಿಗಳಿರಲಿಲ್ಲ. ಕಲಿಕೆಯ ಮುಖ್ಯ ಸಾಧನ ಒಂದು ಹೊಸ ಕೇಸ್ ಶೀಟು. ರಕ್ತದೊತ್ತಡ ಎಷ್ಟು, ಮಗುವಿನ ಎದೆಬಡಿತ ಎಷ್ಟು, ಹೆರಿಗೆಯಾದ ಕೂಡಲೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟಾಯಿತೆ ಎಂದು ಹಾಳೆಯೇ ಒಂದೊಂದಾಗಿ ಕೇಳುತ್ತ ಹೋಗುವಂತೆ ಅದನ್ನು ಬರೆಯಲಾಗಿತ್ತು. ಉತ್ತರ ತುಂಬುತ್ತ ಹೋದ ನರ್ಸಿಗೆ, ಯಾವ ಹಂತದಲ್ಲಿ ತಡಮಾಡದೆ ಬಳ್ಳಾರಿಗೆ ಬರೆದುಕೊಡಬೇಕೆಂಬುದೂ ಅಲ್ಲಿಯೇ ತಿಳಿಯುತ್ತಿತ್ತು. ವೈದ್ಯಕೀಯ ಸಂಶೋಧನೆಯೆಂದರೆ ಹೊಸ ಔಷಧವೆಂದು ಭಾವಿಸುವವರಿಗೆ ಇದು ಸಣ್ಣದಾಗಿ ಕಾಣಬಹುದು. ಸೀಮೆಗೆ ಬಂದ ಎಲ್ಲ ಸಂಶೋಧನೆಗಳಲ್ಲಿ ಅಲ್ಲಿಯ ಕೆಲಸದವರ ಕೈಗೆ ಏನನ್ನಾದರೂ ಕೊಟ್ಟು ಹೋದದ್ದನ್ನು ಹುಡುಕಿದರೆ ಈ ಹಾಳೆಯನ್ನೇ ಮೊದಲು ಹೆಸರಿಸಬೇಕಾಗುತ್ತದೆ. ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿಯ ಕೇಂದ್ರಗಳು ಈ ಬಾರಿಯೂ ಲೆಕ್ಕದ ಹೊರಗೆ ಉಳಿದವು.

ಗಡಿಗೆರೆಯ ಬೆಲೆ ಎಲ್ಲರಿಗೂ ಕಣ್ಣಿಗೆ ಹೊಡೆದು ಕಂಡದ್ದು ಸಂವಿಧಾನದ 371(ಜೆ) ವಿಧಿ ಬಂದಾಗ. ಈಗ ಕಲ್ಯಾಣ ಕರ್ನಾಟಕವೆಂದು ಕರೆಯುವ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಈ ತಿದ್ದುಪಡಿಯಡಿ 2013ರಲ್ಲಿ ಹೊರಟ ಆದೇಶದಂತೆ ಆ ಪ್ರದೇಶದ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಶೇ 70 ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆಗಳಲ್ಲಿ ಶೇ 8 ಆ ಪ್ರದೇಶದವರಿಗೆ ಮೀಸಲಾಯಿತು. ಬಳ್ಳಾರಿ ಜಿಲ್ಲೆ ಅದರಲ್ಲಿ ಸೇರಿತ್ತು. ಕೊಟ್ಟೂರಿನ ಹುಡುಗಿಗೆ ವಿಮ್ಸ್‌ನ ಬಾಗಿಲು ಅಗಲವಾಯಿತು. ಒಂದೇ ಬರ, ಒಂದೇ ಭಾಷೆ, ಒಂದೇ ಮದ್ರಾಸ್ ಚರಿತ್ರೆಯ ಹರಪನಹಳ್ಳಿಯ ಹುಡುಗಿ ದಾವಣಗೆರೆ ಜಿಲ್ಲೆಯವಳೆಂಬ ಕಾರಣಕ್ಕೆ ಹೊರಗುಳಿದಳು. ಹೋರಾಟ ನಡೆದು, 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿ ಜಿಲ್ಲೆಗೆ ಸೇರಿತು. ಕೊಪ್ಪಳ ಮತ್ತು ಗದಗಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು 2015ರಲ್ಲಿಯೇ ತೆರೆದಿದ್ದರಿಂದ ಹಡಗಲಿಯ ರೋಗಿಗೆ ಹೊಳೆ ದಾಟಿ ಹೋಗುವ ಇನ್ನೆರಡು ದಾರಿಗಳೂ ಆಗ ಸಿಕ್ಕಿದ್ದವು. ವಿಜಯನಗರ ಜಿಲ್ಲೆ 2021ರಲ್ಲಿ ರಚನೆಯಾಗಿ ಐದೂ ತಾಲ್ಲೂಕುಗಳು ಹೊಸಪೇಟೆಯ ಜೊತೆ ಒಂದೇ ಜಿಲ್ಲೆಗೆ ಬಂದವು. ವಿಮ್ಸ್ ಇರುವ ಬಳ್ಳಾರಿ ಅಲ್ಲಿಗೆ ಬೇರೆ ಜಿಲ್ಲೆಯಾಯಿತು. ಸೀಟಿನ ಅರ್ಜಿಗೆ ಕಲ್ಯಾಣ ಕರ್ನಾಟಕದ ಪ್ರಮಾಣಪತ್ರ ಲಗತ್ತಿಸುವ ಹರಪನಹಳ್ಳಿಯ ಮನೆಯವರು ಎದೆನೋವು ಬಂದ ಹಿರಿಯರನ್ನು ಇಂದಿಗೂ ಕರೆದುಕೊಂಡು ಹೋಗುವುದು ಕಲ್ಯಾಣ ಕರ್ನಾಟಕದ ಹೊರಗಿನ ದಾವಣಗೆರೆಗೆ, ತಮ್ಮದೇ ತಾಲ್ಲೂಕಿನ ಊರಿನ ಹೆಸರು ಹೊತ್ತ ಆಸ್ಪತ್ರೆಗೆ.